ಟಾಪ್ ಎಂಡ್ ಯಜಮಾನರು

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಯಜಮಾನರು ಏನು ಕೊಂಡರೂ ಟಾಪ್ ಎಂಡೇ. ಮಿಕ್ಸಿಯಾದರೆ ನಾಲ್ಕು ಜಾರಿನದು, ನೀರಿನ ಫಿಲ್ಟರಾದರೆ ಏಳು ಹಂತದ್ದು. ಬ್ಯಾಂಕಿನಿಂದ ರಿಟೈರಾದ ದುಡ್ಡಿನಲ್ಲಿ ಕಾರು ಕೊಂಡಾಗ ಅದು ಬಟನ್ ಸ್ಟಾರ್ಟ್ ಗಾಡಿಯೇ ಆಗಿತ್ತೆಂದು ಬೇರೆ ಹೇಳಬೇಕಿಲ್ಲ. "ಬೇಸ್ ಮಾಡೆಲ್ಲೂ ನೋಡಿದೆ. ಅದರಲ್ಲಿ ಇನ್ನೂ ಕೀ ತಿರುಗಿಸಬೇಕಂತೆ ಪಾಪ" ಎಂದರು, ಬಾವಿಯಿಂದ ನೀರು ಸೇದುವವರ ಕಷ್ಟ ಹೇಳುವ ದನಿಯಲ್ಲಿ. ನನ್ನ ಬೆರಳಲ್ಲಿ ಹಳೇ ಮಾರುತಿ 800ರ ಕೀ ನೇತಾಡುತ್ತಿತ್ತು. ಮೆಲ್ಲಗೆ ಜೇಬಿಗೆ ಇಳಿಬಿಟ್ಟೆ.

ಆದರೆ ಯಜಮಾನರು ಒಂದು ತೊಡಕನ್ನು ಎಣಿಸಿರಲಿಲ್ಲ. ಬೀಗದ ಕೈ ಎಂದರೆ ನಮ್ಮಲ್ಲಿ ಬರೀ ಬೀಗ ತೆಗೆಯುವ ಸಾಮಾನಲ್ಲ. ಅಜ್ಜಿಯ ಸೊಂಟದ ಗೊಂಚಲು ಝಣಝಣ ಎಂದರೆ ಉಗ್ರಾಣದಿಂದ ಹಿತ್ತಲವರೆಗೆ ಎಲ್ಲರೂ ನೆಟ್ಟಗೆ ನಿಲ್ಲುತ್ತಿದ್ದರು. ಕಾರಿನ ಕೀಯನ್ನು ಹೋಟೆಲಿನ ಟೇಬಲ್ ಮೇಲೆ ಟಪ್ಪೆಂದು ಇಟ್ಟು "ಎರಡು ಖಾಲಿ ದೋಸೆ" ಎನ್ನುವ ಗತ್ತೇ ಬೇರೆ. ಈ ಹೊಸ ಕೀಯ ಹೆಚ್ಚುಗಾರಿಕೆಯೋ, ಅದು ಜೇಬಿನಿಂದ ಹೊರಗೇ ಬರಬೇಕಿಲ್ಲ ಎಂಬುದು. ಯಾರಿಗೂ ಕಾಣದ ಕೀಗೆ ಅಷ್ಟು ದುಡ್ಡು ಸುರಿಯುವುದುಂಟೆ? ಹೀಗಾಗಿ ಯಜಮಾನರು ಅದನ್ನು ಲಿಫ್ಟಿನಲ್ಲಿ ತೆಗೆದರು, ಹಾಲಿನ ಬೂತಿನಲ್ಲಿ ತೆಗೆದರು, ನಾಮಕರಣದ ಊಟದೆಲೆ ಪಕ್ಕದಲ್ಲೂ ತೆಗೆದಿಟ್ಟರು. ತೆಗೆದಾಗಲೆಲ್ಲ ಹೇಳುವ ಮಾತು ಒಂದೇ: "ನೋಡಿ, ಇದನ್ನ ಜೇಬಿಂದ ತೆಗೆಯೋದೇ ಬೇಡ."

ವಾಚ್‌ಮನ್‌ಗೆ ಚರಿತ್ರೆಯ ಪಾಠವೂ ಆಯಿತು. "ಮೊದಲು ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು ಕಣಪ್ಪ. ಹಿಂದಕ್ಕೆ ಒದ್ದರೆ ಮಣಿಕಟ್ಟೇ ಮುರೀತಿತ್ತು. 1912ರ ಕ್ಯಾಡಿಲಾಕ್ ಕಾರಿಗೆ ಕೆಟರಿಂಗ್ ಅನ್ನೋನು ಕರೆಂಟಿನ ಸ್ಟಾರ್ಟರ್ ಮಾಡಿಕೊಟ್ಟ. 1949ರಲ್ಲಿ ಕ್ರೈಸ್ಲರ್‌ನೋರು ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗೋ ಹಾಗೆ ಮಾಡಿದ್ರು. ತೊಂಬತ್ತರ ದಶಕದ ಕೊನೆಗೆ ಬೆಂಜ್‌ನೋರು ಕೀ ಜೇಬಲ್ಲೇ ಇರಲಿ ಅಂದ್ರು. ಈಗ ನಾನು." ಕೀ ತಿರುಗಿಸುವ ಕಾಲಕ್ಕೆ ಮುಂಚೆ ಎಷ್ಟೋ ಕಾರುಗಳಲ್ಲಿ ಸ್ಟಾರ್ಟರಿಗೆ ಇದ್ದದ್ದೂ ಗುಂಡಿಯೇ ಎಂದು ನಾನು ಬಾಯಿಬಿಡಲಿಲ್ಲ. ಹೊಸ ಕಾರಿನವರ ಮುಂದೆ ಕೆಲವು ಮಾತು ಆಡಬಾರದು.

ಮೊದಲ ಪೆಟ್ಟು ಬಿದ್ದದ್ದು ಪೂಜೆಯ ದಿನ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಹೋಗಬೇಕೆಂದಿದ್ದರು, ರಶ್ಶಿಗೆ ಹೆದರಿ ಬಡಾವಣೆಯ ಗಣಪತಿಗೇ ಬಂದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಸೇವಂತಿಗೆ ಹಾರ. ಅರ್ಚಕರು ತಟ್ಟೆ ಚಾಚಿ "ಕೀ ಹಾಕಿ" ಎಂದರು. ಯಜಮಾನರು ಸುತ್ತ ಒಮ್ಮೆ ಕಣ್ಣಾಡಿಸಿ ನಿಧಾನವಾಗಿ ಹಾಕಿದರು. ಅದು ದೇವರ ಪಾದಕ್ಕೆಂದು ಗರ್ಭಗುಡಿಗೆ ಹೋಯಿತು. ಇಲ್ಲಿ ಅರ್ಚಕರ ಮಗ "ಮುಹೂರ್ತ ಮೀರುತ್ತೆ, ನಿಂಬೆಹಣ್ಣು ಹತ್ತಿಸಿ" ಎಂದ. ಯಜಮಾನರು ಕೂತು ಗುಂಡಿ ಒತ್ತಿದರು. ಗಾಡಿ ಕುಂಯ್ ಎಂದಿತು. ಪರದೆಯ ಮೇಲೆ ಕೀ ಪತ್ತೆಯಿಲ್ಲ ಎಂಬ ಅಕ್ಷರ. "ಬ್ರೇಕ್ ತುಳೀರಿ ಸಾರ್" ಎಂದ ಹೂವಿನವನು. "ಕ್ಲಚ್ ತುಳೀರಿ" ಎಂದ ತೆಂಗಿನಕಾಯಿಯವನು. ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ ಹುಡುಕಿ ಯಜಮಾನರ ಎಡಗಾಲು ಸೋತಿತು. ಹಿಂದೆ ಇನ್ನೂ ಮೂರು ಹೊಸ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. "ಸ್ವಾಮೀ, ಕೀ ಕೊಡಿ!" ಎಂದು ಕೂಗಿದರೆ ಒಳಗಿಂದ "ಮಂಗಳಾರತಿ ಆಗ್ಲಿ ಇರಿ" ಎಂಬ ಉತ್ತರ. ಕೊನೆಗೆ ಕೀ ಬಂದಾಗ ಅದರ ಮೈತುಂಬ ಕುಂಕುಮ, ಮೇಲೊಂದು ಗರಿಕೆ. ಯಾವ ಗುಂಡಿ ಲಾಕು, ಯಾವುದು ಡಿಕ್ಕಿ, ಗಣಪತಿಗೇ ಗೊತ್ತು.

ಎರಡನೆಯದು ಯಶವಂತಪುರ ಸ್ಟೇಷನ್ನಿನ ಪ್ರಕರಣ. ಯಜಮಾನರು ಹುಬ್ಬಳ್ಳಿ ರೈಲು ಹಿಡಿಯಬೇಕಿತ್ತು. ಎಂಜಿನ್ ಓಡುತ್ತಿದ್ದಂತೆ ಇಳಿದು ಬ್ಯಾಗ್ ಹಿಡಿದು ಓಡಿದರು, ಪಕ್ಕದಲ್ಲಿದ್ದ ಮನೆಯವರು ಸ್ಟೀರಿಂಗಿಗೆ ಬಂದರು. ಕೀ ದೂರ ಹೋದಾಗ ಗಾಡಿ ಬಡಕೊಳ್ಳುತ್ತದೆ, ನಿಲ್ಲುವುದಿಲ್ಲ. ನಡುರಸ್ತೆಯಲ್ಲಿ ಎಂಜಿನ್ ಆಫ್ ಆದರೆ ಅಪಾಯವೆಂದು ಹಾಗೆ ಮಾಡಿರುತ್ತಾರೆ. ಸೀಟ್ ಬೆಲ್ಟಿನ ರಗಳೆ ಇರಬೇಕೆಂದು ಆಕೆ ಬೆಲ್ಟನ್ನು ಇನ್ನೊಮ್ಮೆ ಸಿಕ್ಕಿಸಿಕೊಂಡು ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಬಂದರು. ಹೂವಿಗೆಂದು ಆಫ್ ಮಾಡಿದರು. ಮತ್ತೆ ಸ್ಟಾರ್ಟ್ ಮಾಡೋಣವೆಂದರೆ ಕೀ ತುಮಕೂರಿನ ಹತ್ತಿರವಿತ್ತು. ಬೀರುವಿನಲ್ಲಿದ್ದ ಎರಡನೇ ಕೀಯನ್ನು ಮಲ್ಲೇಶ್ವರಕ್ಕೆ ಮುಟ್ಟಿಸಿದ್ದು ನನ್ನ ಮಾರುತಿ 800. ಕೀ ತಿರುಗಿಸಿದೆ, ಹೊರಟಿತು. ಅಷ್ಟೇ ಹೇಳುತ್ತೇನೆ.

ಸುಳ್ಳೇಕೆ, ಅನುಕೂಲವೂ ಇದೆ. ಒಂದು ಸಂಜೆ ಸುರಿವ ಮಳೆಯಲ್ಲಿ ಎರಡು ಕೈಯಲ್ಲೂ ದಿನಸಿ ಚೀಲ ಹಿಡಿದು ನಾನು ನನ್ನ ಗಾಡಿಯ ಬೀಗದ ತೂತು ತಡಕಾಡುತ್ತಿದ್ದಾಗ, ಯಜಮಾನರು ಹಿಡಿಗೆ ಒಂದು ಬೆರಳು ತಾಗಿಸಿ ಬಾಗಿಲು ತೆಗೆದು ಒಣಗಿದ ತಲೆಯಲ್ಲೇ ಒಳಗೆ ಕೂತರು. ಆವತ್ತು ಮಾತ್ರ ನನಗೆ ಹೊಟ್ಟೆ ಉರಿಯಿತು. ಕೀಯ ಸೆಲ್ ಸತ್ತು ಕಲ್ಯಾಣ ಮಂಟಪದಲ್ಲಿ ಸಿಕ್ಕಿಬಿದ್ದಾಗಲೂ ಗಾಡಿ ಕೈಬಿಡಲಿಲ್ಲ. ಯಜಮಾನರು ಫೋನ್ ಮಾಡಿದ್ದು ನಮ್ಮ ವಾಚ್‌ಮನ್‌ಗೆ. ಎಲ್ಲರ ಗಾಡಿ ತೆಗೆದು ಹಾಕುವ ಅವನಿಗೆ ತಿಳಿಯದ್ದಿಲ್ಲ. "ಕೀಯೊಳಗೆ ಕಬ್ಬಿಣದ ಸಣ್ಣ ಕೀ ಅಡಗಿದೆ ಸಾರ್, ಅದರಲ್ಲಿ ಬಾಗಿಲು ತೆಗೀರಿ. ಆಮೇಲೆ ಈ ಕೀನ ಗುಂಡಿಗೇ ಒತ್ತಿ ಹಿಡೀರಿ" ಎಂದ. ಹೊರಟಿತು. 50 ರೂಪಾಯಿಯ ಬಿಲ್ಲೆ ಸೆಲ್ಲಿನ ಮುಂದೆ 15 ಲಕ್ಷದ ಗಾಡಿ ಕೈಕಟ್ಟಿ ನಿಂತ ಸಂಗತಿ ಮಾತ್ರ ಅವರ ಬಾಯಿಂದ ಎಂದೂ ಬರಲಿಲ್ಲ.

ಆಮೇಲೆ ಅಮೆರಿಕದ ಮಗಳು ಫೋನಿನಲ್ಲಿ ಹೆದರಿಸಿದಳು. ಅಲ್ಲಿ ಮನೆಗಂಟಿದ ಗ್ಯಾರೇಜಿನಲ್ಲಿ ಇಂಥ ಗಾಡಿ ಆಫ್ ಮಾಡಲು ಮರೆತು, ಹೊಗೆ ಒಳಸೇರಿ ಮಲಗಿದಲ್ಲೇ ಸತ್ತವರಿದ್ದಾರೆ. ತಾನಾಗಿ ಆಫ್ ಆಗುವ ಏರ್ಪಾಡಿಗೆ ನಿಯಮ ಮಾಡಬೇಕೆಂದು 2021ರಲ್ಲಿ ಕಾನೂನೇ ಬಂತು. ಕೀ ತಿರುಗಿಸಿ ಕಿತ್ತುಕೊಂಡರೆ ಎಂಜಿನ್ ನಿಂತಿತೆಂದು ಕೈಗೇ ತಿಳಿಯುತ್ತದೆ, ಗುಂಡಿಗೆ ಆ ಸಾಕ್ಷಿ ಇಲ್ಲ. ಅಂದಿನಿಂದ ಯಜಮಾನರು ರಾತ್ರಿ ಹತ್ತಕ್ಕೆ ಬೇಸ್‌ಮೆಂಟಿಗೆ ಇಳಿದು, ಮಗುವಿನ ಜ್ವರ ನೋಡುವವರಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಹೋಗುತ್ತಾರೆ.

ಕಳ್ಳರ ಸುದ್ದಿಯನ್ನೂ ಅವಳೇ ಹೇಳಿದ್ದು. ಕಾರು ಸಣ್ಣ ದನಿಯಲ್ಲಿ "ಇದ್ದೀಯೇನೋ?" ಎನ್ನುತ್ತದೆ, ಹತ್ತಿರದ ಕೀ "ಇದ್ದೀನಿ ಕಣೋ" ಎನ್ನುತ್ತದೆ. ಕಳ್ಳರಲ್ಲಿ ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆ ಬಾಗಿಲ ಬಳಿ ಯಂತ್ರ ಹಿಡಿದು ನಿಂತು ಈ ಮಾತುಕತೆಯನ್ನು ದಾಟಿಸಿದರೆ ಮುಗಿಯಿತು. ಕೀ ಮನೆಯಲ್ಲಿ, ಗಾಡಿ ರಸ್ತೆಯಲ್ಲಿ. ಉಪಾಯವೆಂದರೆ ಕೀಯನ್ನು ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿ ಇಡುವುದು. ಊರಿಗೆಲ್ಲ ತೋರಿಸಬೇಕಿದ್ದ ಕೀ ಕೊನೆಗೆ ಅಡುಗೆಮನೆ ಸೇರಿತು.

ಮೊನ್ನೆ ರಾತ್ರಿ ಯಜಮಾನರು ಸ್ಟೀಲ್ ಡಬ್ಬಿ ಹಿಡಿದು ನಮ್ಮ ಬೆಲ್ ಒತ್ತಿದರು. ಪ್ರಯೋಗಕ್ಕೆ ಸಾಕ್ಷಿ ಬೇಕಂತೆ. ಗಾಡಿಯ ಬಾಗಿಲು ಮೊದಲೇ ತೆಗೆದಿಟ್ಟು ಬಂದಿದ್ದರು. ನನ್ನನ್ನು ಪಕ್ಕದಲ್ಲಿ ಕೂರಿಸಿ, ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು, ಬ್ರೇಕ್ ತುಳಿದು ಗುಂಡಿ ಒತ್ತಿದರು. ಕುಂಯ್. ಕೀ ಪತ್ತೆಯಿಲ್ಲ. ಮತ್ತೆ ಒತ್ತಿದರು. ಕುಂಯ್. "ನೋಡಿದ್ರಾ! ಸ್ಟಾರ್ಟೇ ಆಗ್ಲಿಲ್ಲ!" ಎಂದು ನನ್ನ ಕೈ ಹಿಡಿದು ಕುಲುಕಿದರು. ತಮ್ಮ ಗಾಡಿ ಸ್ಟಾರ್ಟ್ ಆಗದ್ದಕ್ಕೆ ಇಷ್ಟು ಹಿಗ್ಗಿದ ಮನುಷ್ಯರನ್ನು ನಾನು ಕಂಡಿರಲಿಲ್ಲ.

ಕೀ ತೆಗೆಯಲೆಂದು ಮುಚ್ಚಳ ಎತ್ತಿದೆವು. ಒಳಗೆ ಚಕ್ಕುಲಿ. ಬರೀ ಚಕ್ಕುಲಿ.

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. "ರೀ, ಕೋಡುಬಳೆ ಡಬ್ಬೀಲಿ ಏನಿದು ಕಪ್ಪಗೆ?" ಎಂಬ ದನಿ ನನಗೂ ಕೇಳಿಸಿತು. ಯಜಮಾನರು ಫೋನನ್ನು ಜೇಬಿಗೆ ಹಾಕಿ, ಡಬ್ಬಿಯನ್ನು ನನ್ನ ಕಡೆ ಸರಿಸಿದರು.

"ತಗೊಳ್ಳಿ. ಬೆಣ್ಣೆ ಹಾಕಿ ಮಾಡಿದ್ದು."