ಆನೆ ಬರುವುದರೊಳಗೆ ಎಂ.ಎ.

ವಿಶ್ವವಿದ್ಯಾಲಯಕ್ಕೆ ಸೇರುವುದೆಂದರೆ ಊರು ಬಿಡುವುದು ಎಂದೇ ನಮ್ಮ ಕಡೆಯ ತಿಳಿವಳಿಕೆ. ದೊಡ್ಡ ಓದಿಗೆ ಹೋದವರೆಲ್ಲ ಮೈಸೂರಿಗೆ ಹೋದವರೇ. ಟ್ರಂಕು, ಚಾಪೆ, ಉಪ್ಪಿನಕಾಯಿ ಬಾಟ್ಲು, ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಅವ್ವಂದಿರ ಕಣ್ಣೀರು. ಹಬ್ಬಕ್ಕೆ ವಾಪಸ್ಸು ಬಂದಾಗ ಬದಲಾದ ಕ್ರಾಪು, ಬದಲಾದ ಮಾತು, ಮುದ್ದೆ ಬೇಡವೆನ್ನುವ ಠೀವಿ. ಈ ಭಾಗ್ಯ ನನಗೂ ಒಂದು ದಿನ ಬರುತ್ತದೆಂದು ಕಾದಿದ್ದೆ. ಅಷ್ಟರಲ್ಲಿ, ಚಾಮರಾಜನಗರದ ಬೇಡರಪುರದ ಬಳಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಸುವರ್ಣಗಂಗೋತ್ರಿ, 2023ರಲ್ಲಿ ತಾನೇ ಒಂದು ವಿಶ್ವವಿದ್ಯಾಲಯವಾಗಿಬಿಟ್ಟಿತು.

“ಪಕ್ಕದಲ್ಲೇ ಅದಲ್ಲ, ಬುತ್ತಿ ಕಟ್ಕೊಂಡು ಹೋಗಿ ಬಾ” ಎಂದರು ಅಪ್ಪ. ನನ್ನ ಟ್ರಂಕು ಅಲ್ಲೇ ಟಿಫನ್ ಬಾಕ್ಸಾಯಿತು.

ಮೊದಲ ದಿನ ಅವ್ವ ಪದ್ಧತಿ ಬಿಡಬಾರದೆಂದು ಸೆರಗು ಕಣ್ಣಿಗೊತ್ತಿಕೊಂಡಳು. ಸಾಯಂಕಾಲ ಆರಕ್ಕೆ ನಾನು ಹಿತ್ತಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿರುತ್ತೇನೆಂಬುದು ನೆನಪಾಗಿ ಸೆರಗು ಇಳಿಸಿದಳು. “ಬರ್ತಾ ತೆರಕಣಾಂಬಿಲಿ ಬದನೆಕಾಯಿ ಅಗ್ಗಾಗಿದ್ರ ತಕಂಬಾ” ಎಂದಳು. ನನ್ನ ಉನ್ನತ ಶಿಕ್ಷಣಕ್ಕೆ ಸಿಕ್ಕ ಮೊದಲ ಆಶೀರ್ವಾದ ಅದು.

ಅಜ್ಜಿಯ ಚಿಂತೆ ಬೇರೆ. ಮುಖ್ಯಮಂತ್ರಿಯಾದವರು ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂಬ ನಂಬಿಕೆ ಎಷ್ಟು ಹಳೆಯದೆಂದರೆ, 1997ರಲ್ಲಿ ಈ ಜಿಲ್ಲೆಯನ್ನು ಉದ್ಘಾಟಿಸಲು ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರವನ್ನು ಬಿಟ್ಟು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದರು. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದೂ 2013ರಿಂದ 2018ರವರೆಗೆ ಐದು ವರ್ಷ ತುಂಬಿಸಿದರಲ್ಲ ಎಂದೆ. “ಅವ್ರು ನಮ್ ಸೀಮೆಯೋರು, ಅವ್ರಿಗ ತಟ್ಟಲ್ಲ ಬುಡು” ಎಂದು ಅಜ್ಜಿ ನನ್ನ ವಾದವನ್ನು ಪಕ್ಕಕ್ಕೆ ಸರಿಸಿತು. ನನಗಂತೂ ಭಯವಿರಲಿಲ್ಲ. ಕಳೆದುಕೊಳ್ಳಲು ಕುರ್ಚಿಯಾದರೂ ಎಲ್ಲಿತ್ತು? ಬಸ್ಸಿನಲ್ಲಿ ಸೀಟು ಸಿಕ್ಕರೇ ಹೆಚ್ಚು.

ಗುಂಡ್ಲುಪೇಟೆಯಿಂದ ಚಾಮರಾಜನಗರ ಸುಮಾರು 35 ಕಿಲೋಮೀಟರು. ಹಂಗಳದ ಪಕ್ಕದ ನಮ್ಮೂರಿಂದ ಗುಂಡ್ಲುಪೇಟೆಗೊಂದು ಬಸ್ಸು, ಅಲ್ಲಿಂದ ಮುಂದಕ್ಕಿನ್ನೊಂದು. ಹೆಂಗಸರಿಗೆ ಟಿಕೆಟ್ ಉಚಿತವಾದ್ದರಿಂದ, ಯಾವ ಮೇಷ್ಟ್ರೂ ನನ್ನ ಉತ್ತರಪತ್ರಿಕೆ ನೋಡುವ ಮೊದಲೇ ಕಂಡಕ್ಟರು ದಿನಾ ಕೈಗೊಂದು ಸೊನ್ನೆ ಕೊಡತೊಡಗಿದರು. ಪಾಠವೂ ಬಸ್ಸಿನಲ್ಲೇ ಶುರು. ನನ್ನದು ಅರ್ಥಶಾಸ್ತ್ರ. ತೆರಕಣಾಂಬಿಯಲ್ಲಿ ಬುಟ್ಟಿ ಹೊತ್ತು ಹತ್ತುವ ಹೆಂಗಸರು ಟೊಮೇಟೊ ರೇಟು ನಿನ್ನೆ ಎಷ್ಟಿತ್ತು, ಇವತ್ತು ಯಾಕೆ ಬಿತ್ತು, ಬೀಳಿಸಿದವರ ಮನೆ ಏನಾಗಬೇಕು ಎಂದು ಸವಿಸ್ತಾರವಾಗಿ ಹೇಳುತ್ತಿದ್ದರು. ಪೂರೈಕೆ ಹೆಚ್ಚಾದರೆ ಬೆಲೆ ಇಳಿಯುತ್ತದೆಂದು ತರಗತಿಯಲ್ಲಿ ಗೆರೆ ಎಳೆದು ತೋರಿಸುವ ಹೊತ್ತಿಗೆ ನಾನದನ್ನು ಬೈಗುಳದ ಸಮೇತ ಕಲಿತು ಬಂದಿರುತ್ತಿದ್ದೆ.

ತರಗತಿಯಲ್ಲಿ ಯಳಂದೂರು, ಕೊಳ್ಳೇಗಾಲ, ಹನೂರಿನವರಿದ್ದರು. ತಮಿಳುನಾಡಿಗೆ ಸೇರಿದ ತಾಳವಾಡಿಯಿಂದ ಬಂದು ನಮಗಿಂತ ಚೆನ್ನಾಗಿ ಕನ್ನಡ ಆಡುವವಳೂ ಒಬ್ಬಳಿದ್ದಳು. ಮೊದಮೊದಲು ಎಲ್ಲರೂ ವಾರ್ತೆ ಓದುವವರ ಹಾಗೆ “ಹೌದು, ನಾನು ಕೂಡ ಬರುತ್ತೇನೆ” ಎನ್ನುತ್ತಿದ್ದೆವು. ಒಂದು ಮಧ್ಯಾಹ್ನ ಹನೂರಿನವಳ ಡಬ್ಬಿಯಿಂದ ಉಪ್ಸಾರಿನ ಖಾರದ ವಾಸನೆ ಎದ್ದಿತು. “ಒಸಿ ಕೊಡೇ ಇಲ್ಲಿ” ಎಂದು ಯಾರೋ ಕೂಗಿದರು. ಅಲ್ಲಿಗೆ ವಾರ್ತೆ ಮುಕ್ತಾಯ.

ಮೈಸೂರಿನ ಹಾಸ್ಟೆಲಿನಲ್ಲಿರುವ ಗೆಳತಿ ತನ್ನ ವಾರ್ಡನ್ನಿನ ಬಗ್ಗೆ ಗೊಣಗುತ್ತಾಳೆ. ನಮ್ಮ ವಾರ್ಡನ್ ಬಂಡೀಪುರದ ಆನೆ. ಕತ್ತಲಾಗುವುದರೊಳಗೆ ಮನೆ ಸೇರಬೇಕು. ತಡವಾದರೆ ದಂಡ ಕಟ್ಟಿ ಮುಗಿಸುವಂಥದ್ದಲ್ಲ. ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಓಡಬಾರದೆಂದು 2009ರಿಂದ ಕಟ್ಟಳೆಯಿದೆ. ಆನೆಗೆ ಹೊಲದ ಕಡೆ ಓಡಬೇಡ ಎನ್ನುವ ಕಟ್ಟಳೆ ಮಾತ್ರ ಯಾರೂ ಮಾಡಿಲ್ಲ. ಒಂದು ರಾತ್ರಿಯಿಡೀ ಅಪ್ಪ ತಮಟೆ ಬಡಿದರು, ನಾನು ಟಾರ್ಚು ಹಿಡಿದೆ. ಮಾರನೆಯ ದಿನ ಬರಿಗೈಲಿ ನಿಂತು “ಆನೆ ಬಂದಿತ್ತು ಸಾರ್, ಅಸೈನ್‌ಮೆಂಟ್ ಆಗಲಿಲ್ಲ” ಎಂದೆ. ಬೆಂಗಳೂರಿನಲ್ಲಾದರೆ ಇದು ನೆಪ. ನಮ್ಮ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟಿದ್ವು?”

ವಿಶ್ವವಿದ್ಯಾಲಯಕ್ಕೆ ನಾನು ಹೊಂದಿಕೊಂಡದ್ದಕ್ಕಿಂತ ಬೇಗ ಊರು ಹೊಂದಿಕೊಂಡಿತು. ಮೈಸೂರಿಗೆ ಹೋದವರು ಕೈಗೆ ಸಿಗುತ್ತಿರಲಿಲ್ಲ. ನಾನು ದಿನಾ ಸಿಗುತ್ತೇನೆ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ, ಬ್ಯಾಂಕಿನಿಂದ ಮೆಸೇಜು ಬಂದರೆ, ಮೊಬೈಲು ತಾನಾಗಿ ಇಂಗ್ಲಿಷಿಗೆ ತಿರುಗಿದರೆ ಎಲ್ಲರೂ ನಮ್ಮ ಜಗಲಿಗೆ. “ಗೃಹಲಕ್ಷ್ಮಿ ದುಡ್ಡು ಬಂದಿಲ್ಲ ಕೂಸೆ, ನಿಮ್ ಯೂನಿವರ್ಸಿಟಿಲಿ ಒಸಿ ಕೇಳು” ಎಂದು ಮೂಲೆಮನೆ ಅತ್ತೆ ಪಾಸ್‌ಬುಕ್ಕನ್ನು ನನ್ನ ಬ್ಯಾಗಿಗೇ ತುರುಕಿದರು.

ಅಪ್ಪನಂತೂ ನನಗಿಂತ ಮೊದಲೇ ಪದವಿ ಪಡೆದವರ ಹಾಗೆ ಮಾತಾಡತೊಡಗಿದರು. ನಮ್ಮದು ಚೆಂಡುಹೂವಿನ ಹೊಲ. ಹೂವೆಲ್ಲ ಬಣ್ಣ ತೆಗೆಯುವ ಫ್ಯಾಕ್ಟರಿಗೆ. ಓಣಂ ಸುತ್ತಮುತ್ತ ಕೇರಳದ ಕಾರುಗಳು ಹೊಲದ ಬದುವಿಗೆ ನಿಲ್ಲುತ್ತವೆ. ಹಳದಿ, ಕೇಸರಿ ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವವರಿಂದ ಅಪ್ಪ ದುಡ್ಡು ಇಸಿದುಕೊಳ್ಳುತ್ತಾರೆ. ಇದ್ಯಾವ ನ್ಯಾಯ ಎಂದು ಕೇಳಿದ್ದಕ್ಕೆ, “ಹೂವಿನ ರೇಟು ಫ್ಯಾಕ್ಟರಿಯೋರು ಹೇಳ್ತರ. ಫೋಟೋ ರೇಟು ನಾನ್ ಹೇಳ್ತೀನಿ. ಇದ ಬರ್ಕೋ” ಎಂದರು. ಬರೆದುಕೊಂಡೆ. ಸೆಮಿನಾರಿನಲ್ಲಿ ಅದನ್ನೇ ಹೇಳಿದೆ. ನನಗೆ ಚಪ್ಪಾಳೆ ಬಿದ್ದ ಒಂದೇ ವಾಕ್ಯ ಅದು.

ಇದರ ನಡುವೆಯೇ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಬಗ್ಗೆ ಸಂಪುಟ ಉಪಸಮಿತಿಯಲ್ಲಿ ಚರ್ಚೆಯಾಗಿದೆ, ಪಟ್ಟಿಯಲ್ಲಿ ಚಾಮರಾಜನಗರವೂ ಇದೆ ಎಂಬ ಸುದ್ದಿ ಬಂತು. ದುಡ್ಡಿಲ್ಲ, ಮಕ್ಕಳು ಕಡಿಮೆ ಎಂಬುದು ಕಾರಣ. ಜಗಲಿಯ ಮೇಲೆ ಪೇಪರು ಓದಿ ಹೇಳಿದೆ. ಮೂಲೆಮನೆ ಅತ್ತೆ ತಮ್ಮ ಪಾಸ್‌ಬುಕ್ಕಿನ ಗತಿಯೇನೆಂದು ಗಾಬರಿಯಾದರು. ಅಪ್ಪ ಆದಾಯ-ವೆಚ್ಚದ ಬಗ್ಗೆ ಏನೋ ಶುರುಮಾಡಿದರು. ಆ ಯೂನಿವರ್ಸಿಟಿಯ ಗೇಟನ್ನೂ ಕಾಣದ ಅಜ್ಜಿ ಮಾತ್ರ ಎಲೆ-ಅಡಿಕೆಯ ಕುಟ್ಟಾಣಿ ನಿಲ್ಲಿಸಿ, ಸಾವಧಾನವಾಗಿ ತೀರ್ಪು ಕೊಟ್ಟಿತು:

“ಮುಚ್ಚೋರು ಅಲ್ಲೇ ಕುಂತು ಯಾಕ ಮುಚ್ಚಾರು? ಒಂದ್ಸಲ ಚಾಮ್ರಾಜ್‌ನಗರಕ್ಕ ಬಂದೇ ಮುಚ್ಲಿ, ನೋಡ್ಮ.”