ಪರ್ಣಭೂಷಣ

ಕರ್ನಾಟಕದ ಸಮಕಾಲೀನ ಕಲಾವಿದರ ನಡುವೆ ಈಚೆಗೆ ಸುಲಭವಾಗಿ ಗುರುತಿಸಬಹುದಾದ ಒಂದು ವರ್ಗ ಬೆಳೆದಿದ್ದು, ಸರ್ಕಾರ ಕೊಡುವ ಪದ್ಮಭೂಷಣದೊಡನೆ ಗೊಂದಲವಾಗದಿರಲೆಂದು ಅದರ ಸದಸ್ಯನನ್ನು ಪರ್ಣಭೂಷಣ ಎಂದು ಕರೆಯುವುದು ಉಚಿತ. ಹದಿನೈದಿಪ್ಪತ್ತು ನಿಮಿಷದ ಒಂದು ಕಿರುಚಿತ್ರವನ್ನು ಸ್ವಂತ ಖರ್ಚಿನಲ್ಲಿ ತಯಾರಿಸಿ, ಅದನ್ನು ಅಂತರರಾಷ್ಟ್ರೀಯ ಆನ್‌ಲೈನ್ ಚಿತ್ರೋತ್ಸವಗಳಿಗೆ ಒಂದಾದ ಮೇಲೊಂದರಂತೆ ಕಳುಹಿಸಿ, ಪ್ರತಿಫಲವಾಗಿ ಬಂದ ಎಲೆಗಳನ್ನು ಪೋಸ್ಟರಿನ ಮೇಲೆ ಅಂಟಿಸಿಕೊಳ್ಳುವವನೇ ಪರ್ಣಭೂಷಣ. ಇಲ್ಲಿ ಎಲೆ ಎಂದರೆ ಲಾರೆಲ್. ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ ಈ ಗಿಡದ ಎಲೆಗಳ ಕಿರೀಟವನ್ನು ಪ್ರಾಚೀನ ಗ್ರೀಸಿನ ಡೆಲ್ಫಿಯ ಕ್ರೀಡೆಗಳಲ್ಲಿ ಗೆದ್ದವನಿಗೆ ತೊಡಿಸುತ್ತಿದ್ದರು. ಈಗ ಅದು ಬಾಗಿದ ಎರಡು ಕಡ್ಡಿಗಳ ಚಿತ್ರವಾಗಿ, ನಡುವೆ ಉತ್ಸವದ ಹೆಸರು ಹೊತ್ತು, ಇ-ಮೇಲಿನ ಬಾಲಕ್ಕೆ ಅಂಟಿಕೊಂಡು ಬರುತ್ತದೆ.

ಈ ವರ್ಗದ ಹುಟ್ಟಿಗೆ ಚಾರಿತ್ರಿಕ ಕಾರಣಗಳಿವೆ. 1932ರಲ್ಲಿ ವೆನಿಸ್‌ನಲ್ಲಿ ಮೊದಲ ಚಿತ್ರೋತ್ಸವ ನಡೆದಾಗಿನಿಂದ ಬಹುಕಾಲ, ಉತ್ಸವಕ್ಕೆ ಚಿತ್ರ ಕಳುಹಿಸುವುದೆಂದರೆ ರೀಲಿನ ಭಾರವಾದ ಡಬ್ಬಿಗಳನ್ನು ಕಡಲಾಚೆಗೆ ಸಾಗಿಸುವುದಾಗಿದ್ದುದರಿಂದ, ಆ ಭಾರವೇ ಅರ್ಧದಷ್ಟು ಆಕಾಂಕ್ಷಿಗಳನ್ನು ಸೋಸಿಬಿಡುತ್ತಿತ್ತು. 2000ದಲ್ಲಿ ವಿತೌಟ್‌ಎಬಾಕ್ಸ್ ಎಂಬ ಜಾಲತಾಣ ಅರ್ಜಿಯನ್ನು ಅಂತರ್ಜಾಲಕ್ಕೆ ತಂದಿತು. 2014ರಲ್ಲಿ ಕೆನಡಾದ ಫಿಲ್ಮ್‌ಫ್ರೀವೇ ಆರಂಭವಾಗಿ, ಹಳೆಯದು 2019ರಲ್ಲಿ ಬಾಗಿಲು ಮುಚ್ಚಿತು. ಮರುವರ್ಷ ಕೊರೊನಾದಿಂದ ಚಿತ್ರಮಂದಿರಗಳಿಗೆ ಬೀಗ ಬಿದ್ದಾಗ, ದೊಡ್ಡ ದೊಡ್ಡ ಉತ್ಸವಗಳೇ ಒಟ್ಟುಗೂಡಿ ಯೂಟ್ಯೂಬಿನಲ್ಲಿ ಹತ್ತು ದಿನ ಚಿತ್ರಗಳನ್ನು ತೋರಿಸಿದವು. ಉತ್ಸವಕ್ಕೆ ಪರದೆ, ಕುರ್ಚಿ, ಊರು ಯಾವುದೂ ಬೇಡವೆಂದು ಜಗತ್ತಿಗೆ ಆಗ ಮನವರಿಕೆಯಾಯಿತು. ಪ್ರೇಕ್ಷಕನೂ ಬೇಡವೆಂಬ ಮುಂದಿನ ಹೆಜ್ಜೆಯನ್ನು ಕೆಲವರು ತಾವಾಗಿಯೇ ಇಟ್ಟರು.

ಪರ್ಣಭೂಷಣನ ನಿಜವಾದ ಪ್ರತಿಭೆ ಅರ್ಜಿ ತುಂಬುವುದರಲ್ಲಿ ಹೊಮ್ಮುತ್ತದೆ. ಚಿತ್ರೀಕರಣವನ್ನು ಮೂರು ದಿನದಲ್ಲಿ ಮುಗಿಸಿದವನು ಇದಕ್ಕೆ ಮೂರು ವರ್ಷ ಮೀಸಲಿಡುತ್ತಾನೆ. ಡಾಲರಿನಲ್ಲಿರುವ ಶುಲ್ಕವು ದಿನ ಕಳೆದಂತೆ ಏರುತ್ತ, ಬೇಗ ಬಂದವರಿಗೆ ಅರ್ಲಿ ಬರ್ಡ್, ಬಳಿಕ ರೆಗ್ಯುಲರ್, ಆಮೇಲೆ ಲೇಟ್, ಎಲ್ಲವೂ ಮುಗಿಯಿತೆಂದು ನಿಟ್ಟುಸಿರು ಬಿಡುವಾಗ ಎಕ್ಸ್‌ಟೆಂಡೆಡ್ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ನಿಲ್ಲುತ್ತದೆ. ಲಾಸ್ ಏಂಜಲೀಸಿನಲ್ಲಿ ನಡುರಾತ್ರಿಗೆ ಮುಗಿಯುವ ಗಡುವು ಬೇಸಿಗೆಯಲ್ಲಿ ಹಾಸನದ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯುತ್ತದೆಂಬುದನ್ನು ಅವನು, ಜೋಯಿಸರು ರಾಹುಕಾಲ ಹೇಳುವಷ್ಟೇ ಸಲೀಸಾಗಿ ಹೇಳಬಲ್ಲ. ಒಂದೇ ಚಿತ್ರವನ್ನು ಬೇರೆ ಬೇರೆ ಶುಲ್ಕ ತೆತ್ತು ಹಲವು ವಿಭಾಗಗಳಿಗೆ ಸೇರಿಸುವುದೂ ರೂಢಿ: ಮುಖ್ಯ ಪಾತ್ರ ಅಜ್ಜಿಯದಾದ್ದರಿಂದ ಅದು ಮಹಿಳಾ ಚಿತ್ರ, ಹಿನ್ನೆಲೆಯಲ್ಲಿ ಹಸುವೊಂದು ಹಾದುಹೋಗುವುದರಿಂದ ಪರಿಸರ ಚಿತ್ರ, ಕತೆ ನಿರ್ಮಾಪಕನಿಗೂ ಅರ್ಥವಾಗದ್ದರಿಂದ ಪ್ರಾಯೋಗಿಕ ಚಿತ್ರ. ಅರ್ಜಿಯೊಡನೆ ಲಗತ್ತಿಸಬೇಕಾದ ನಿರ್ದೇಶಕರ ಹೇಳಿಕೆಯಲ್ಲಿ, ಹಣ ಮುಗಿದು ಕೊನೆಯ ದೃಶ್ಯ ತೆಗೆಯಲಾಗದ್ದು ಮುಕ್ತಾಂತ್ಯವೆಂದೂ, ಮೈಕು ಕೈಕೊಟ್ಟದ್ದು ಮೌನದ ಭಾಷೆಯೆಂದೂ ದಾಖಲಾಗುತ್ತದೆ.

ಇಂಗ್ಲಿಷ್ ಅಡಿಬರಹ, ಅಂದರೆ ಸಬ್‌ಟೈಟಲ್, ಸಾಫ್ಟ್‌ವೇರ್ ಕಂಪನಿಯಲ್ಲಿರುವ ಭಾವಮೈದುನನ ಜವಾಬ್ದಾರಿ. ಅಜ್ಜಿ ಜಗಲಿಯಲ್ಲಿ ಕುಳಿತು ನೆರೆಯವನಿಗೆ ‘ನಿನ್ನ ಮನೆ ಹಾಳಾಗ’ ಎಂದು ಹಾಕುವ ಹೃತ್ಪೂರ್ವಕ ಶಾಪವು ಅವನ ಕೈಯಲ್ಲಿ ‘ನಿಮ್ಮ ಮನೆ ಶಿಥಿಲವಾಗಿದೆ’ ಎಂಬರ್ಥದ ಇಂಗ್ಲಿಷ್ ವಾಕ್ಯವಾಗಿ, ಗ್ರಾಮೀಣ ವಸತಿ ಸಮಸ್ಯೆಯನ್ನು ದಿಟ್ಟವಾಗಿ ಎತ್ತಿದ್ದಕ್ಕಾಗಿ ದೂರದೇಶದ ತೀರ್ಪುಗಾರರ ಮೆಚ್ಚುಗೆ ಬರುವುದೂ ಉಂಟು. ಆದರೆ ಅಷ್ಟಕ್ಕೂ ತೀರ್ಪುಗಾರರು ಚಿತ್ರವನ್ನು ನೋಡಿರಬೇಕು. ಪಾಸ್‌ವರ್ಡ್ ಹಾಕಿ ವಿಮಿಯೋದಲ್ಲಿ ಇರಿಸಿದ ಚಿತ್ರವನ್ನು ಎಷ್ಟು ಜನ ನೋಡಿದರೆಂಬ ಲೆಕ್ಕವನ್ನು ಪರ್ಣಭೂಷಣನು ಬೆಳಿಗ್ಗೆ ಹಲ್ಲುಜ್ಜುವ ಮುನ್ನವೇ ಪರಿಶೀಲಿಸುವವನಾಗಿದ್ದು, ಅಲ್ಲಿ ಸೊನ್ನೆಯೆಂದು ತೋರಿದ ದಿನವೇ ಅತ್ಯುತ್ತಮ ಛಾಯಾಗ್ರಹಣ ಪ್ರಶಸ್ತಿ ಬಂದಾಗಲೂ ಅವನು ಸಂಶಯಕ್ಕೆ ಎಡೆಗೊಡದೆ, ಲೆಕ್ಕ ಹಿಡಿಯುವ ಯಂತ್ರವನ್ನೇ ದೂರುತ್ತಾನೆ.

ಉತ್ಸವಗಳಲ್ಲಿ ಎರಡು ಬಗೆಗಳಿವೆಯೆಂಬುದನ್ನು ಇಲ್ಲಿ ಗಮನಿಸಬೇಕು. ಕಾನ್, ಲೊಕಾರ್ನೊ ಮೊದಲಾದವು ರಥೋತ್ಸವದಂತೆ ವರ್ಷಕ್ಕೊಮ್ಮೆ ಬರುತ್ತವೆ. ಇನ್ನು ಕೆಲವು ಸಂಕಷ್ಟಿಯಂತೆ ತಿಂಗಳಿಗೊಮ್ಮೆ ಬರುತ್ತವೆ, ಮತ್ತು ಸಂಕಷ್ಟಿಯ ಪ್ರಸಾದದಂತೆ ಇವುಗಳ ಪ್ರಶಸ್ತಿಯೂ ಸಾಲಿನಲ್ಲಿ ನಿಂತವರಿಗೆಲ್ಲ ಸಿಗುತ್ತದೆ. ಗೆಲ್ಲದವರು ಫೈನಲಿಸ್ಟ್, ಅದೂ ಆಗದವರು ಸೆಮಿ ಫೈನಲಿಸ್ಟ್, ಯಾವುದೂ ಆಗದವರು ಗೌರವಪೂರ್ವಕ ಉಲ್ಲೇಖಕ್ಕೆ ಪಾತ್ರರು. ಪ್ರಮಾಣಪತ್ರ ಉಚಿತವಾಗಿ ಬಂದರೂ ಟ್ರೋಫಿಗೆ ಬೇರೆ ಹಣ, ಅದನ್ನು ಕಳುಹಿಸುವುದಕ್ಕೆ ಮತ್ತೂ ಬೇರೆ ಹಣ ಕೊಡಬೇಕಾಗುವುದರಿಂದ, ಹೀಗೆ ಗೆದ್ದವನು ಸೋತವನಿಗಿಂತ ಹೆಚ್ಚು ಕಳೆದುಕೊಳ್ಳುತ್ತಾನೆ. ಆದರೂ ನವೆಂಬರಿನ ರಾಜ್ಯೋತ್ಸವದ ವೇದಿಕೆಯಲ್ಲಿ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿಗಳೊಡನೆ ಅಂತರರಾಷ್ಟ್ರೀಯ ಖ್ಯಾತಿಯ ನಿರ್ದೇಶಕರೆಂಬ ಘೋಷಣೆ ಕಿವಿಗೆ ಬಿದ್ದಾಗ, ಡಾಲರಿನ ದರ ಅವನಿಗೆ ಮರೆತುಹೋಗುತ್ತದೆ.

ಇಷ್ಟರಿಂದ ಅವನನ್ನು ಕೇವಲ ಡಾಂಭಿಕನೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಮಂಡ್ಯ ಜಿಲ್ಲೆಯ ಹಳ್ಳಿಗರೇ ನಟಿಸಿದ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಗೋಲ್ಡನ್ ಲೆಪರ್ಡ್ ಪಡೆದದ್ದನ್ನೂ, ಕೋಳಿ ಕದ್ದ ಮುದುಕಿಯ ಜನಪದ ಕತೆಯನ್ನಾಧರಿಸಿದ ಚಿದಾನಂದ ನಾಯ್ಕರ ಕಿರುಚಿತ್ರ 2024ರಲ್ಲಿ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದದ್ದನ್ನೂ ಬಲ್ಲ ಅವನಿಗೆ, ತನ್ನ ಹಳ್ಳಿಗೂ ಅಜ್ಜಿಗೂ ಅಂಥದೇ ಯೋಗವಿದೆಯೆಂಬ ನಂಬಿಕೆ ಪ್ರಾಮಾಣಿಕವಾದದ್ದು. ಅಂಥ ಉತ್ಸವದ ಬಾಗಿಲು ಎಂದಾದರೂ ತೆರೆದೀತೆಂದೇ ಅವನು ಚಿತ್ರವನ್ನು ಯೂಟ್ಯೂಬಿಗೆ ಹಾಕದೆ, ಊರಿನಲ್ಲಿಯೂ ತೋರಿಸದೆ, ಪ್ರೀಮಿಯರ್ ಸ್ಥಾನವನ್ನು, ಅಂದರೆ ಬೇರೆಲ್ಲೂ ಪ್ರದರ್ಶನಗೊಳ್ಳದ ಚಿತ್ರವೆಂಬ ಶೀಲವನ್ನು, ಕಟ್ಟುನಿಟ್ಟಾಗಿ ಕಾಯ್ದುಕೊಂಡಿರುತ್ತಾನೆ.

ಇದರ ಫಲವಾಗಿ, ಚಿತ್ರದಲ್ಲಿ ನಟಿಸಿದ ಅಜ್ಜಿಗೆ ಚಿತ್ರವನ್ನು ನೋಡುವ ಭಾಗ್ಯ ಮೂರು ವರ್ಷವಾದರೂ ಒದಗಿರುವುದಿಲ್ಲ. ಅವಳಿಗೆ ದೊರೆಯುವುದು ಪೋಸ್ಟರಿನ ದರ್ಶನ ಮಾತ್ರ. ಆರಂಭದಲ್ಲಿ ಅಂಚಿನಲ್ಲಿದ್ದ ಎಲೆಗಳು ಒಂದೊಂದು ತಿಂಗಳಿಗೆ ಒಂದೊಂದು ಸಾಲು ಏರುತ್ತ, ಮೊದಲು ಅವಳ ಸೆರಗನ್ನೂ ಆಮೇಲೆ ಗಲ್ಲವನ್ನೂ ಮುಚ್ಚಿ, ಈಗ ಮೂಗುತಿಯವರೆಗೆ ಬಂದಿರುತ್ತವೆ. ಎಲೆಗಳ ಮಹತ್ವವನ್ನು ಡೆಲ್ಫಿಯಿಂದ ಹಿಡಿದು ಮೊಮ್ಮಗ ವಿವರಿಸುವುದನ್ನೆಲ್ಲ ತಾಳ್ಮೆಯಿಂದ ಕೇಳಿದ ಅಜ್ಜಿ, ಎಷ್ಟೋ ಮದುವೆಯ ಪಂಕ್ತಿಗಳನ್ನು ಕಂಡ ಅನುಭವದಿಂದ, ಒಂದೇ ಪ್ರಶ್ನೆ ಕೇಳುತ್ತಾಳೆ: ‘ಎಲೆಯೇನೋ ಇಷ್ಟು ಹಾಕಿದ್ದೀಯಲ್ಲ ಮಗಾ, ಬಡಿಸೋದು ಯಾವಾಗ?’