ಸುಗ್ಗಿಗೆ ಕೊಡ್ತೀನಿ

ನಮ್ಮ ಮನೆಗೂ ಬಾಜೂ ಮನೆಗೂ ನಡುವೆ ಎದೆಮಟ್ಟದ ಗೋಡೆ. ಅದರ ಮೇಲೆ ಮೊಣಕೈ ಊರಿ ನಿಂತರೆ ಸಾಕು, ಕೊಪ್ಪಳದ ಅರ್ಧ ಸುದ್ದಿ ತಾನೇ ನಡೆದು ಬರುತ್ತದೆ. ಮೊನ್ನೆ ಭಾನುವಾರ ಅತ್ತ ಕಡೆ ಭಾರೀ ಗದ್ದಲ. ಆ ಮನೆಯ ಅಕ್ಕಾರ ಮಗಳದು ಬಿಸಿಎ ಕೊನೆಯ ವರ್ಷ. ಅವಳೂ ಇನ್ನು ಮೂವರೂ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ನಡುವಿಟ್ಟುಕೊಂಡು ಜಗಳಕ್ಕೆ ಬಿದ್ದಿದ್ದರು.

"ಕಾಕಾ, ನೀವ ಹೇಳ್ರಿ. ಲಾಗಿನ್ ಪೇಜ್ ನೀಲಿ ಇರ್ಲೋ, ಹಸರು ಇರ್ಲೋ?"

"ಯಾತರ ಲಾಗಿನ್ನವಾ?"

"ಮನೀ ಜಮಾ-ಖರ್ಚು ಬರಕೊಳ್ಳೋ ಆ್ಯಪ್ ರೀ. ನಮ್ಮ ಪ್ರಾಜೆಕ್ಟ್."

ಗಂಗಾವತಿಯ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಕಿರ್ದಿ ಬರೆದವನನ್ನು ಇಂಥದ್ದು ಕೇಳಬಾರದಿತ್ತು. ಕೇಳಿಬಿಟ್ಟರು. ಗೋಡೆ ಸುತ್ತಿ ಹೋಗಿ ಕಟ್ಟೆಯ ಮೇಲೆ ಕೂತೆ.

ಮೊದಲ ಪರದೆಯಲ್ಲೇ 'ತಿಂಗಳ ಆದಾಯ' ಅಂತ ಒಂದು ಚೌಕ. ಕೆಳಗೆ ಬಾಡಿಗೆ, ಊಟ, ಮನರಂಜನೆ, ಉಳಿತಾಯ. ಇದನ್ನು ಯಾರ ಮನೆ ನೋಡಿ ಮಾಡಿದಿರಿ ಅಂದೆ. ಯೂಟ್ಯೂಬ್ ನೋಡಿ ಮಾಡಿದ್ದಂತೆ! ಅವರು ನಾಲ್ಕು ತಾಲ್ಲೂಕಿನ ನಾಲ್ವರು. ತಂತಮ್ಮ ಮನೆ ನೋಡಿಕೊಂಡಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು.

ಅಕ್ಕಾರ ಯಜಮಾನರು ಗಿಣಿಗೇರಿ ಕಡೆ ಫ್ಯಾಕ್ಟರಿಗೆ ಹೋಗುತ್ತಾರೆ. ಅವರೊಬ್ಬರದು ಮಾತ್ರ ಆ ಚೌಕದಲ್ಲಿ ಹಿಡಿಯುವ ಪಗಾರ. ಯಲಬುರ್ಗಾ ಹುಡುಗನದು ಎರಿ ಹೊಲ, ಹಿಂಗಾರಿ ಕಡಲೆ, ವರ್ಷಕ್ಕೊಮ್ಮೆ ರೊಕ್ಕದ ಮುಖ. ಕುಷ್ಟಗಿ ಹುಡುಗಿಯ ಅಣ್ಣ ಮಂಗಳೂರಿಗೆ ದುಡಿಯಲು ಹೋಗಿದ್ದಾನೆ. ಕೆಲಸ ಸಿಕ್ಕ ವಾರ ಫೋನ್‌ಪೇ, ಸಿಗದ ವಾರ ಬರೀ ಫೋನು. ಗಂಗಾವತಿ ಹುಡುಗನದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಎರಡು ಪೀಕು ಭತ್ತ, ಅದೂ ನೀರು ಬಿಟ್ಟರೆ. ಬೀಜ, ಗೊಬ್ಬರವನ್ನು ಉದ್ರಿ ತಂದು, ದಲಾಲಿ ಅಂಗಡಿಗೆ ಭತ್ತ ಹಾಕಿದಾಗ ಮುರಿದುಕೊಳ್ಳುವುದು. ಕೈಗೆ ಬರುವುದು ಆದಾಯವಲ್ಲ, ಉಳಿದ ಬಾಕಿ!

"ಮುಂದಿನ ತಿಂಗಳ ಅಂದಾಜನ್ನೂ ತೋರಿಸ್ತೈತ್ರಿ" ಅಂದ ಅವನೇ ಉತ್ಸಾಹದಿಂದ.

"ತಮ್ಮಾ, 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋತಲ್ಲ, ಆವತ್ತಿನ ಅಂದಾಜು ಏನು ತೋರಸ್ತಿತ್ತು?"

ಹುಡುಗ ಸುಮ್ಮನಾದ. ಆ ವಾರ ಅವನ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲವಂತೆ. ಅಂದಾಜಿನ ಬಟನ್ ತೆಗೆದುಹಾಕಿದರು.

ಒಂದು ಮನೆಗೆ ಒಂದೇ ಲಾಗಿನ್ ಅನ್ನುವ ಮಾತು ಬಂದಾಗ ಅಡುಗೆಮನೆ ಕಿಟಕಿಯಿಂದ ಅಕ್ಕಾರ ದನಿ ಬಂತು: "ನನ್ನ ಗೃಹಲಕ್ಷ್ಮಿ ಎರಡು ಸಾವಿರ ಅದ್ರಾಗ ಹಾಕ್ಬ್ಯಾಡ್ರವಾ, ನಿಮ್ಮಪ್ಪ ನೋಡ್ತಾನ." ಇಡೀ ಯೋಜನಾ ವರದಿಯಲ್ಲಿ ಇಷ್ಟು ಖಡಕ್ಕಾದ ಸಾಲು ಇನ್ನೊಂದಿರಲಿಲ್ಲ. ಕುಷ್ಟಗಿ ಹುಡುಗಿ ಕೂಡಲೇ ಬರೆದುಕೊಂಡಳು: ಒಬ್ಬೊಬ್ಬರಿಗೂ ಬೇರೆ ಖಾತೆ, ಬೇರೆ ಬೀಗ.

ಆಮೇಲೆ ಅಳಿಸುವ ಬಟನ್ನಿನ ಜಗಳ. ನಮ್ಮ ಕಿರ್ದಿಯಲ್ಲಿ ರಬ್ಬರಿಗೆ ಜಾಗವಿರಲಿಲ್ಲ. ತಪ್ಪು ಬಿದ್ದರೆ ಮುಂದೆ ಉಲ್ಟಾ ನಮೂದು ಹಾಕಿ ಸರಿಮಾಡಬೇಕು. ಅಳಿಸಿದ ಹಾಳೆ ಕಂಡರೆ ಸಾವ್ಕಾರರ ಹುಬ್ಬು ಮೇಲೇಳುತ್ತಿತ್ತು. ಜಮಾ-ನಾವೆಯ ಇಂಥ ಜೋಡಿ ಲೆಕ್ಕವನ್ನು ಇಟಲಿಯ ಸನ್ಯಾಸಿ ಲೂಕಾ ಪಾಚೋಲಿ 1494ರಲ್ಲೇ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ್ದ. ಸನ್ಯಾಸಿಗೆ ಲೆಕ್ಕದ ಉಸಾಬರಿ ಯಾಕೋ!

ಯಲಬುರ್ಗಾ ಹುಡುಗ ಮಾತು ಕಡಿಮೆ. "ಕಾಕಾ, ಇಲ್ಲಿ ನೋಡ್ರಿ" ಅಂತ ಲ್ಯಾಪ್‌ಟಾಪ್ ತಿರುಗಿಸಿ 0.1ಕ್ಕೆ 0.2 ಕೂಡಿಸಿದ. 0.30000000000000004 ಅಂದಿತು. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಎಣಿಸುವುದರಿಂದ ಹತ್ತನೆಯ ಒಂದು ಪಾಲು ಅದಕ್ಕೆ ಪೂರ್ತಿ ಹಿಡಿಯುವುದಿಲ್ಲವಂತೆ. ಅದಕ್ಕೇ ರೂಪಾಯಿ ಬಿಟ್ಟು ಎಲ್ಲವನ್ನೂ ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಡಬೇಕು. ಬಜಾರಿನಲ್ಲಿ ಸತ್ತುಹೋದ ಪೈಸೆಗೆ ಇಲ್ಲಾದರೂ ಒಂದು ಮನೆ ಸಿಕ್ಕಿತಲ್ಲ. ಬ್ಯಾಂಕಿನ ಮೆಸೇಜು ತಾನೇ ಓದಿ ಬರೆದುಕೊಳ್ಳುವ ಆಸೆಯೂ ಇತ್ತು. ಆದರೆ 2019ರಿಂದ ಗೂಗಲ್ ಪ್ಲೇನವರು ಎಸ್ಎಂಎಸ್ ಓದುವ ಅನುಮತಿಗೆ ಬಿಗಿ ಮಾಡಿದ್ದಾರೆ. ಅದನ್ನೂ ಕೈಬಿಟ್ಟರು.

ಕೆಲಸ ಹಿಂದೆ ಬಿತ್ತೆಂದು ಇನ್ನಿಬ್ಬರನ್ನು ಸೇರಿಸಿಕೊಳ್ಳೋಣ ಅಂದ ಗಂಗಾವತಿಯವ. ಅಕ್ಕಾರ ಮಗಳು ತಲೆ ಅಲ್ಲಾಡಿಸಿದಳು. ಐಬಿಎಂನ ದೊಡ್ಡ ಪ್ರಾಜೆಕ್ಟ್ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದಾನಂತೆ, ತಡವಾದ ಸಾಫ್ಟ್‌ವೇರಿಗೆ ಜನ ಸೇರಿಸಿದರೆ ಇನ್ನೂ ತಡ ಅಂತ. ನಾಟಿಗೆ ಹತ್ತಾಳು ಹೆಚ್ಚಿಗೆ ಬಂದರೆ ಮಧ್ಯಾಹ್ನಕ್ಕೇ ಗದ್ದೆ ಮುಗಿದೀತು. ಒಂದು ಕಿರ್ದಿಗೆ ಮೂವರು ಗುಮಾಸ್ತರು ಕೂತರೆ ಮಾತ್ರ ಸಂಜೆಗೆ ಮೂರು ಶಿಲ್ಕು. ನಾಲ್ವರೇ ಹಂಚಿಕೊಂಡರು, ಬಣ್ಣದ ಮಾತು ಕೊನೆಯ ವಾರಕ್ಕೆ ಹೋಯಿತು.

ಉದ್ರಿಯ ಹಾಳೆಯಲ್ಲಿ ಮಾತ್ರ ನನ್ನ ಮಾತು ನಡೆಯಲಿಲ್ಲ. 'ಮರಳಿ ಕೊಡುವ ತಾರೀಕು' ತುಂಬದಿದ್ದರೆ ಅದು ಮುಂದೆ ಹೋಗುವುದೇ ಇಲ್ಲ. ನಮ್ಮಲ್ಲಿ ಯಾರು ತಾರೀಕು ಹೇಳಿ ಕಡ ಒಯ್ಯುತ್ತಾರೆ? ಪಂಚಮಿಗೆ, ಗವಿಮಠದ ಜಾತ್ರಿ ಮುಗಿದ ಮ್ಯಾಲೆ, ಇಲ್ಲವೇ ಸುಗ್ಗಿಗೆ.

"ಡೇಟಾಬೇಸಿನ್ಯಾಗ ಸುಗ್ಗಿ ಕೂಡ್ರಂಗಿಲ್ರಿ ಕಾಕಾ" ಅಂದಳು ಅಕ್ಕಾರ ಮಗಳು. ನಾನು ಎದ್ದು ಬಂದೆ.

ನಿನ್ನೆ ಗೋಡೆಯ ಮೇಲೆ ಯಲಬುರ್ಗಾ ಹುಡುಗನ ನೋಟ್‌ಬುಕ್ ಬಿಟ್ಟುಹೋಗಿತ್ತು. ಗಾಳಿಗೆ ಕೊನೆಯ ಹಾಳೆ ತೆರೆಯಿತು, ನಾನು ತೆರೆದದ್ದಲ್ಲ. ಪ್ರಿಂಟು, ಬೈಂಡಿಂಗು, ಚಹಾ, ಮಂಡಕ್ಕಿ-ಮಿರ್ಚಿ, ಎಲ್ಲಕ್ಕೂ ಅವನೇ ಕೈಯಿಂದ ಹಾಕಿ, ನಾಲ್ಕು ಹೆಸರಿಗೆ ಹಂಚಿ, ಪೆನ್ನಿನಲ್ಲಿ ಬರೆದಿದ್ದ. ಎಲ್ಲೂ ಅಳಿಸಿರಲಿಲ್ಲ. ಗಂಗಾವತಿಯವನ ಹೆಸರಿನ ಮುಂದೆ 240 ಬಾಕಿ. ತಾರೀಕಿನ ಜಾಗದಲ್ಲಿ ದುಂಡಗೆ ಬರೆದಿತ್ತು: 'ಸುಗ್ಗಿಗೆ'.